ಉತ್ತರಕ್ಕೆ ಸರಿಯುವ ನೆಲ

ಮೊನ್ನೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಮೊಮೊ ಗಾಡಿಯವನು ಚಟ್ನಿಗೆ ಏನೋ ಕಪ್ಪು ಕಾಳು ಕುಟ್ಟುತ್ತಿದ್ದ. ನಿಂಬೆ ಸಿಪ್ಪೆಯನ್ನೂ ಮೆಣಸನ್ನೂ ಒಟ್ಟಿಗೆ ಜಜ್ಜಿದಂಥ ವಾಸನೆ. ಬಸ್ ಹತ್ತಬೇಕಾದವಳು ಅಲ್ಲೇ ನಿಂತುಬಿಟ್ಟೆ. ನಾಲ್ಕು ವರ್ಷ ಆ ವಾಸನೆ ನಮ್ಮ ಪಕ್ಕದ ಮನೆಯಿಂದ ಬರುತ್ತಿತ್ತು...

ಆಗ ನಾನು ದೊಡ್ಡಬೆಳವಂಗಲದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಗೋಡೆಯಾಚೆ ನೇಪಾಳದ ಗಂಡ ಹೆಂಡತಿ ಬಾಡಿಗೆಗಿದ್ದರು. ಇಬ್ಬರಿಗೂ ಊರಾಚೆಯ ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯುವ ಕೆಲಸ. ಅವಳ ಮುಂಗೈ ತುಂಬ ಮುಳ್ಳು ಗೀರಿದ ಗೆರೆಗಳು. ಜೊತೆ ಕೆಲಸದ ಹೆಂಗಸರಿಂದ ಕಲಿತ ಕನ್ನಡದಲ್ಲಿ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಎರಡು ವರ್ಷದ ಮಗಳನ್ನು ಊರಲ್ಲಿ ತನ್ನ ಅಮ್ಮನ ಹತ್ತಿರ ಬಿಟ್ಟು ಬಂದಿದ್ದಳು.

ನೇಪಾಳದಲ್ಲಿ ದೊಡ್ಡ ಭೂಕಂಪವಾದ ದಿನ ಅವಳು ಕೆಲಸ ಬಿಟ್ಟು ಓಡಿ ಬಂದು ನಮ್ಮ ಟೀವಿಯ ಮುಂದೆ ಕೂತಳು. ಊರಿಗೆ ಫೋನ್ ಸಿಗಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಬಂದು ಕೇಳಿದಳು, "ಇಲ್ಲಿ ನೆಲ ಅಲ್ಲಾಡಲ್ಲ. ನಮ್ಗೇ ಯಾಕಕ್ಕಾ ಹಿಂಗೆ?"

ನನಗೆ ಗೊತ್ತಿದ್ದ ವಿಷಯ. ಹೇಳಿಯೇಬಿಟ್ಟೆ. ನಾವು ನಿಂತಿರುವ ನೆಲ ದೊಡ್ಡದೊಂದು ಫಲಕ. ಉಗುರು ಬೆಳೆಯುವಷ್ಟು ನಿಧಾನವಾಗಿ ಉತ್ತರಕ್ಕೆ ಸರಿಯುತ್ತ ಏಷ್ಯಾದ ಫಲಕವನ್ನು ಒತ್ತುತ್ತಿದೆ. ನಡುವೆ ಇದ್ದ ಸಮುದ್ರ ಮುಚ್ಚಿಹೋಗಿ, ಎರಡರ ಅಂಚೂ ಮಡಿಕೆ ಬಿದ್ದು ಹಿಮಾಲಯ ಎದ್ದಿತು. ಒತ್ತಡ ವರ್ಷಗಟ್ಟಲೆ ಸೇರಿಕೊಂಡು ಒಳಗಿನ ಬಂಡೆ ಜಾರಿದರೆ ಮೇಲಿನದೆಲ್ಲ ಅಲ್ಲಾಡುತ್ತದೆ. ನಾವು ಆ ಅಂಚಿನಿಂದ ಬಹಳ ದೂರ... ಚಾಪೆಯ ಎರಡು ತುದಿಯನ್ನು ಒತ್ತಿ, ಅದು ನಡುವೆ ಉಬ್ಬುವುದನ್ನೂ ತೋರಿಸಿದೆ.

ಅವಳು ಚಾಪೆಯನ್ನೇ ನೋಡುತ್ತಿದ್ದಳು. "ಅಂದ್ರೆ ನಿಮ್ಮ ನೆಲಾನೇ ನಮ್ಮನ್ನ ತಳ್ತಿರೋದು," ಎಂದಳು. ಕೋಪವೇನೂ ಇರಲಿಲ್ಲ.

"ಹೌದು," ಎಂದೆ.

ಮಗಳ ದನಿ ಕೇಳದೆ ಮೂರು ದಿನವಾದವಳಿಗೆ ನಾನು ಪಾಠ ಮಾಡಿದ್ದೆ. ಅದು ಹೊಳೆದದ್ದು ಅವಳು ಎದ್ದು ಹೋದ ಮೇಲೆ.

ಮಾರನೆಯ ದಿನ ಸುದ್ದಿ ಬಂತು. ಮಗಳು ಹೊಲದಲ್ಲಿ ಆಡುತ್ತಿದ್ದುದರಿಂದ ಉಳಿದಿದ್ದಳು. ಮನೆ ಕುಸಿದು ಅಮ್ಮ ಹೋಗಿದ್ದಳು. ಅವಳು ಅಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಬಾಗಿಲು ತಟ್ಟಲು ನನಗೆ ಧೈರ್ಯ ಸಾಲಲಿಲ್ಲ. ಸಂಜೆ ಅವಳೇ ಬಂದಳು.

"ಊರಿಗೆ ಹೋಗ್ತೀವಿ ಅಕ್ಕಾ. ಮನೆ ಕಟ್ಬೇಕು."

"ಅಲ್ಲಿ ಮತ್ತೆ ಅಲ್ಲಾಡುತ್ತೆ ಕಣಮ್ಮ. ಮಗೂನ ಇಲ್ಲಿಗೇ ಕರ್ಕೊಂಡು ಬಂದ್ಬಿಡು."

"ಅಲ್ಲಾಡಿದ್ರೂ ನಮ್ಮೂರಲ್ವಾ," ಎಂದಳು. ಆಗ ಅವಳ ಕೈ ಹಿಡಿದುಕೊಂಡೆ. ತಡವಾಗಿತ್ತು, ಆದರೂ ಬಹಳ ಹೊತ್ತು ಬಿಡಲಿಲ್ಲ.

ಆರು ತಿಂಗಳಾದ ಮೇಲೆ ಒಮ್ಮೆ ಫೋನ್ ಮಾಡಿದ್ದಳು. ತಗಡಿನ ಮನೆ ಎದ್ದಿತ್ತು, ಮಗಳು ಶಾಲೆಗೆ ಹೋಗುತ್ತಿದ್ದಳು. "ನೀವು ಹೇಳಿದ್ದು ಅವ್ಳಿಗೂ ಹೇಳ್ದೆ ಅಕ್ಕಾ. ದಿನಾ ಅಂಗಳದಲ್ಲಿ ನಿಮ್ಮ ಕಡೆಗೆ ತಿರುಗಿ, 'ಮೆಲ್ಲಗೆ ತಳ್ಳಿ' ಅಂತಾಳೆ." ಇಬ್ಬರೂ ನಕ್ಕೆವು. ಅವಳ ದನಿ ಕೇಳಿದ್ದು ಅದೇ ಕೊನೆ.

ಆ ಮಗು ಈಗ ಹದಿನಾರು ದಾಟಿರಬೇಕು. ನಾನು ನಿವೃತ್ತಳಾದೆ. ಮೊನ್ನೆ ಬಸ್ಸಿನಲ್ಲಿ ಕೂತು, ಅವಳು ಅಂದು ಫೋನ್ ಮಾಡಿದ್ದ ನಂಬರ್ ಒತ್ತಿದೆ. ವರ್ಷಕ್ಕೆ ಒಂದೆರಡು ಸಲ ಒತ್ತುತ್ತೇನೆ. ರೆಕಾರ್ಡಿನ ಹೆಣ್ಣುದನಿಯೊಂದು ನೇಪಾಳಿಯಲ್ಲಿ ಏನೋ ಹೇಳುತ್ತದೆ. ನನಗೆ ಅರ್ಥವಾಗುವುದಿಲ್ಲ. ಅದು ಮುಗಿಯುವವರೆಗೂ ಕೇಳಿ ಫೋನ್ ಇಡುತ್ತೇನೆ.