ಒದ್ದೆ ಕಸದೊಳಗಿನ ಗಾಜು

ಕಾಶವ್ವನ ಅಂಗೈ ಸೀಳಿದ ಆ ಗಾಜು ನಮ್ಮ ಮನೆಯದು. ಅದನ್ನು ಕಸದ ಚೀಲದೊಳಗೆ ಬಚ್ಚಿಟ್ಟವಳು ನಾನು. ಅವಳು ನನ್ನ ಮುಖ ನೋಡಿ ಕೇಳಿದಾಗ ಇಲ್ಲ ಎಂದವಳೂ ನಾನೇ — ಅದೂ ನಮ್ಮಿಬ್ಬರ ಮಾತಿನಲ್ಲಿ, ಕನ್ನಡದಲ್ಲಿ.

ಸಾಂಗ್ಲಿಯ ನಮ್ಮ ಓಣಿಯಲ್ಲಿ ಕನ್ನಡ ಆಡುವವರು ಬೇರೆ ಯಾರೂ ಇರಲಿಲ್ಲ. ನಾನು ಕನ್ನಡ ಆಡುವ ಬೇಡಗ ಊರಿನ ಹೆಣ್ಣುಮಗಳು. ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರದೂ ಮರಾಠಿ. ಕಸದ ಗಾಡಿಯ ಜೊತೆ ಬರುತ್ತಿದ್ದ ಕಾಶವ್ವ ಖಂಡೇರಾಜುರಿ ಎಂಬ ಹಳ್ಳಿಯವಳು, ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವಳು. ಗಾಡಿಯ ಗಂಟೆ ಕೇಳಿಸಿದರೆ ನಾನು ಬುಟ್ಟಿ ಹಿಡಿದು ಓಡುತ್ತಿದ್ದುದು “ವೈನಿ, ಚಾ ಆತೇನ್ರಿ?” ಎಂಬ ಅವಳ ಒಂದು ಮಾತಿಗಾಗಿ; ಅತ್ತಿಗೆ ಎನ್ನುವಂತೆ ನನ್ನನ್ನು ವೈನಿ ಎನ್ನುತ್ತಿದ್ದಳು. ಅವಳು ನನ್ನಲ್ಲಿ ಕೇಳಿಕೊಂಡದ್ದು ಒಂದೇ: “ಗಾಜ ಗೀಜ ಒಡದಿದ್ರ ಬ್ಯಾರೆ ಕಾಗದದಾಗ ಸುತ್ತಿ ನನ್ನ ಕೈಯಾಗ ಕೊಡ್ರಿ. ಕಸದಾಗ ಹಾಕಬ್ಯಾಡ್ರಿ.”

ಆ ಮಳೆಗಾಲ ಕೃಷ್ಣಾ ನದಿ ಏರಿತು. ನಮ್ಮ ಓಣಿ ಎತ್ತರದಲ್ಲಿದೆ, ನೀರು ಬರಲಿಲ್ಲ. ಆದರೆ ಕಸ ಸುರಿಯುವ ಜಾಗಕ್ಕೆ ಹೋಗುವ ರಸ್ತೆ ಮುಳುಗಿ ಗಾಡಿ ನಿಂತುಹೋಯಿತು. ಚೀಲಗಳು ಹಿತ್ತಿಲಲ್ಲೇ ಕೊಳೆತವು. ನೊಣ, ಹುಳ, ತಡೆಯಲಾರದ ನಾತ. ನೀರು ಇನ್ನೂ ಏರಬಹುದೆಂದು ಸಾಮಾನುಗಳನ್ನು ಅಟ್ಟಕ್ಕೆ ಹಾಕುವಾಗ ಅತ್ತೆಯ ಉಪ್ಪಿನಕಾಯಿಯ ಗಾಜಿನ ಬರಣಿ ನನ್ನ ಕೈಯಿಂದ ಜಾರಿ ಚೂರಾಯಿತು. ಅವರ ತಾಯಿ ಕೊಟ್ಟ ಬರಣಿ ಅದು. ಅತ್ತೆ ಸ್ನಾನಕ್ಕೆ ಹೋಗಿದ್ದರು, ಸದ್ದು ಕೇಳಿಸಲಿಲ್ಲ.

ಚೂರುಗಳನ್ನು ಸುತ್ತಿಡಲು ಕಾಗದ ಇರಲಿಲ್ಲವೆಂದು ಹೇಳಲಾರೆ — ಹಳೆಯ ಪೇಪರಿನ ಕಟ್ಟು ಪಕ್ಕದಲ್ಲೇ ಇತ್ತು. ಆದರೆ ಕಾಗದದ ಪೊಟ್ಟಣ ಕಂಡರೆ ಅತ್ತೆ ಬಿಚ್ಚಿ ನೋಡುತ್ತಾರೆ. ಕೊಳೆತ ಕಸವನ್ನು ಯಾರೂ ಮುಟ್ಟುವುದಿಲ್ಲ. ಯಾರೂ — ಎಂದುಕೊಂಡಾಗ ಕಾಶವ್ವ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾದಳು. ಆದರೂ ಚೂರುಗಳನ್ನು ಚೀಲದ ನಡುವೆ ತುರುಕಿ ಬಾಯಿ ಕಟ್ಟಿದೆ.

ನೀರು ಇಳಿದು ಗಾಡಿ ಬಂದ ದಿನ ಇಡೀ ಓಣಿಯ ಚೀಲಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಜೊತೆಯ ಕೆಲಸದವನ ಮನೆಗೆ ನೀರು ನುಗ್ಗಿ ಅವನು ಬಂದಿರಲಿಲ್ಲ. ಕಾಶವ್ವ ಒಬ್ಬಳೇ ಎತ್ತಿ ಎತ್ತಿ ಗಾಡಿಗೆ ಹಾಕುತ್ತಿದ್ದಳು. ಜಾರುತ್ತಿದ್ದ ಒಂದು ಚೀಲಕ್ಕೆ ಅಡಿಯಿಂದ ಕೈ ಕೊಟ್ಟವಳು ಚೀರಿದಳು. ರಕ್ತ ಮೊಣಕೈವರೆಗೆ ಇಳಿಯಿತು.

ಚೀಲ ಯಾರದೆಂದು ಚಾಲಕ ಮರಾಠಿಯಲ್ಲಿ ಕೂಗಾಡಿದ. ಜನ ಸೇರಿದರು. ಎಲ್ಲರೂ ತಲೆ ಅಲ್ಲಾಡಿಸಿದರು. ಕಾಶವ್ವ ಮಾತ್ರ ನನ್ನ ಕಡೆ ತಿರುಗಿದಳು. ಸಂಶಯದಿಂದಲ್ಲ — ನನ್ನದಲ್ಲವೆಂದು ಖಾತ್ರಿ ಮಾಡಿಕೊಳ್ಳಲು.

“ವೈನಿ, ನಿಮ್ದಲ್ಲಲ್ರಿ?”

“ನಮ್ದಲ್ಲ ಕಾಶವ್ವಾ. ನಮ್ಮನ್ಯಾಗ ಏನೂ ಒಡದಿಲ್ಲ.”

ಅಷ್ಟರಲ್ಲಿ ಯಾರೋ ಕೊನೆಯ ಮನೆಯ ನರ್ಸಮ್ಮನ — ಮರಾಠಿಯವರು ಕರೆಯುವಂತೆ ನರ್ಸ್ ಬಾಯಿಯ — ಹೆಸರೆತ್ತಿದರು. ಅವರೊಬ್ಬರೇ ಬಾಡಿಗೆಗಿದ್ದವರು, ಔಷಧಿಯ ಬಾಟಲಿ ಇರಬೇಕು ಎಂದರು. ನಾನು ಹೂಂಗುಟ್ಟಿದೆ. ಅದನ್ನು ಕಾಶವ್ವ ನೋಡಿದಳು.

ಗದ್ದಲ ಕೇಳಿ ಹತ್ತಿ, ಪಟ್ಟಿ ಹಿಡಿದು ಓಡಿಬಂದವರೂ ಆ ನರ್ಸ್ ಬಾಯಿಯೇ. ಯಾರು ಏನಂದರೆಂದು ಅವರಿಗೆ ಗೊತ್ತಿರಲಿಲ್ಲ. ಕೆಸರಿನಲ್ಲಿ ಮೊಣಕಾಲೂರಿ ಗಾಯ ತೊಳೆದರು, ರಿಕ್ಷಾದಲ್ಲಿ ಕೂಡಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ನಾನು ಕೊಡೆ ಹಿಡಿದು ನಿಂತಿದ್ದೆ.

ಮುಂದೆ ಆ ನರ್ಸ್ ಬಾಯಿಯ ಚೀಲವನ್ನಷ್ಟೇ ಗಾಡಿಯವರು ಎಲ್ಲರೆದುರು ಬಿಚ್ಚಿ ನೋಡಿ ಒಯ್ಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬರಣಿಯ ವಿಷಯ? ಅತ್ತೆ ತಾವಾಗಿ ಕೇಳಿದರು. ಒಡೆಯಿತೆಂದೆ. “ಜಾವೂ ದೇ,” ಎಂದರು — ಹೋಗಲಿ ಬಿಡು. ಅಷ್ಟೇ.

ಕಾಶವ್ವ ಮತ್ತೆ ಕೆಲಸಕ್ಕೆ ಬರಲಿಲ್ಲ. ಗಾಯ ಕೀವಾಗಿ ಬೆರಳು ಸೆಟೆದುಕೊಂಡಿದೆ, ತವರಿಗೆ ಹೋದಳು ಎಂದು ಚಾಲಕ ಹೇಳಿದ. ಎಲ್ಲರೂ ಮಳೆಯನ್ನು, ಹೊಲಸು ನೀರನ್ನು ಬೈದರು. ನಾನೂ ಬೈದೆ — ಎಷ್ಟೋ ವರ್ಷ ಹಾಗೆಯೇ ನಂಬಲು ನೋಡಿದೆ.

ಈ ಸಲದ ಮಳೆಗೆ ಮತ್ತೆ ಗಾಡಿ ನಿಂತು ಹಿತ್ತಿಲಲ್ಲಿ ಅದೇ ನಾತ ಎದ್ದಾಗ ತಡೆಯಲಾಗಲಿಲ್ಲ. ದಾರಿ ತೆರೆದ ಕೂಡಲೇ ಖಂಡೇರಾಜುರಿಗೆ ಹೋದೆ. ಕಾಶವ್ವ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿ “ಬರ್ರಿ ವೈನಿ, ಕುಂದ್ರಿ,” ಎಂದಳು. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ.

ಅವಳು ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು.

“ನರ್ಸ್ ಬಾಯಿ ಡ್ರೈವರ್ ಕಡೆ ಎಷ್ಟೋ ಸಲ ಹೇಳಿ ಕಳಿಸಿದ್ರು. ದಿನಾ ಬಾ, ನಾ ಪಟ್ಟಿ ಕಟ್ತೀನಿ ಅಂತ. ನಾ ಹೋಗಲಿಲ್ರಿ. ಗಾಜ ಆಕೀದು ಅಂತ ಸಿಟ್ಟಿತ್ತು. ನೀವೂ ಹೂಂ ಅಂದಿದ್ರಲ್ಲ...”

ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಾಜಿನ ಗಾಯ ವಾಸಿಯಾಗಬಹುದಿತ್ತು. ವಾಸಿ ಮಾಡುವ ಕೈಯಿಂದ ಅವಳನ್ನು ದೂರ ಮಾಡಿದವಳು ನಾನು.

“ಅವತ್ತು ಹೇಳಿದ್ರ ನಾ ಬೈತಿದ್ನಿ ವೈನಿ. ಬೈದು ಮರೀತಿದ್ನಿ.” ಸೊಪ್ಪಿನ ಕಟ್ಟನ್ನು ಸೆಟೆದ ಬೆರಳಿನ ಕೈಯಿಂದಲೇ ಎತ್ತಿಕೊಂಡಳು. “ಆ ನರ್ಸ್ ಬಾಯಿಗೆ ಹೇಳೀರೇನು?”

“ಇಲ್ಲ.”

ಅವಳು ಕುರಿಗಳ ಕಡೆ ತಿರುಗಿದಳು. ಮತ್ತೆ ನನ್ನನ್ನು ಕೂರಲು ಹೇಳಲಿಲ್ಲ. ನಾನು ಕ್ಷಮೆ ಕೇಳಲೂ ಇಲ್ಲ — ಯಾವ ಬಾಯಿಂದ ಕೇಳಲಿ?

ಸಾಂಗ್ಲಿಯಲ್ಲಿ ಇಳಿದವಳು ಮನೆಗೆ ಹೋಗದೆ ಓಣಿಯ ಕೊನೆಯವರೆಗೆ ನಡೆದೆ. ಸಂಜೆಯ ಹೊತ್ತು, ಎಲ್ಲರೂ ಕಟ್ಟೆಯ ಮೇಲಿದ್ದರು. ನರ್ಸ್ ಬಾಯಿ ಬಾಗಿಲು ತೆರೆದು ಒಳಗೆ ಕರೆದರು. ನಾನು ಹೊಸ್ತಿಲ ಆಚೆಯೇ ನಿಂತೆ. ಅಕ್ಕಪಕ್ಕದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ, ಮರಾಠಿಯಲ್ಲಿ, ಮೊದಲಿನಿಂದ ಹೇಳತೊಡಗಿದೆ.