ಮೂರು ಚುಕ್ಕಿ, ಒಂದು ಹೆಸರು

ಚನ್ನಗಿರಿಯ ಅಡಿಕೆ ಮಂಡಿಯೊಂದರ ನೆತ್ತಿಯ ಮೇಲೆ ‘ಮಹೇಶ್ವರಪ್ಪ ಅಂಡ್ ಸನ್ಸ್’ ಎಂಬ ಬೋರ್ಡಿತ್ತು. ಪಂಚಾಕ್ಷರಪ್ಪನವರು ಆ ‘ಸನ್ಸ್’ನ ಒಳಗೆ ಎಲ್ಲೋ ಇದ್ದರು. ನಾಲ್ವರು ಗಂಡುಮಕ್ಕಳಲ್ಲಿ ಕೊನೆಯವರಾದ್ದರಿಂದ ತಮ್ಮ ಪಾಲಿಗೆ ಬರುವುದು ಆ ಪದದ ಕೊನೆಯ ಒತ್ತಷ್ಟೇ ಎಂದು ಅವರೇ ಒಮ್ಮೆ ಕೂತು ಪಾಲು ಮಾಡಿ ನೋಡಿಕೊಂಡಿದ್ದರು.

ಮಂಡಿಯಲ್ಲಿ ಹೆಸರಿಲ್ಲದಿದ್ದರೆ ಹೋಗಲಿ, ಮನೆಯಲ್ಲೂ ಇರಲಿಲ್ಲ. ಮದುವೆಯಲ್ಲಿ ಹೆಂಡತಿಯ ತವರಿನವರು ಕೊಟ್ಟ ಸ್ಟೀಲು ಪಾತ್ರೆಗಳ ಮೇಲೆಲ್ಲ ‘ಸೌ. ಸರ್ವಮಂಗಳಮ್ಮ’ ಎಂದು ಕೊರೆಸಿತ್ತು. ತಟ್ಟೆ, ಲೋಟ, ಕೊನೆಗೆ ಸಾರಿನ ಸೌಟಿನ ಮೇಲೂ. ಪಂಚಾಕ್ಷರಪ್ಪನವರು ದಿನಾ ಎರಡು ಹೊತ್ತು ಹೆಂಡತಿಯ ಹೆಸರಿನ ಮೇಲೆ ಅನ್ನ ಕಲಸಿಕೊಂಡು ತಿನ್ನುತ್ತಿದ್ದರು.

“ಒಂದು ಚೊಂಬಿನ ಮೇಲಾದ್ರೂ ನನ್ನ ಹೆಸರು ಹಾಕಿಸಬಾರದಾ?” ಎಂದು ಒಂದು ದಿನ ಕೇಳಿಯೇಬಿಟ್ಟರು.

“ಹಾಕಿಸ್ರಿ, ಯಾರು ಬ್ಯಾಡ ಅಂದ್ರು? ಬೆಳಿಗ್ಗೆ ಬಯಲಿಗೆ ಒಯ್ಯೋ ಚೊಂಬು ಇನ್ನೂ ಖಾಲಿ ಐತೆ,” ಎಂದರು ಸರ್ವಮಂಗಳಮ್ಮ.

ಆವತ್ತಿನಿಂದ ಪಂಚಾಕ್ಷರಪ್ಪನವರಿಗೆ ಬದುಕಿನಲ್ಲಿ ಮತ್ತೊಂದು ಆಸೆ ಉಳಿಯಲಿಲ್ಲ. ನಾಲ್ಕು ಜನ ಕೈಯಲ್ಲಿ ಹಿಡಿಯುವ ಒಂದು ವಸ್ತುವಿನ ಮೇಲೆ ತಮ್ಮ ಹೆಸರಿರಬೇಕು. ಅಷ್ಟೇ.

ಮಂಡಿಯಲ್ಲಿ ಅಣ್ಣಂದಿರು ಕೆಲಸ ಕೊಡುತ್ತಿರಲಿಲ್ಲವಾಗಿ ಮಧ್ಯಾಹ್ನದ ಹೊತ್ತು ಅವರು ಹೋಗಿ ಕೂರುತ್ತಿದ್ದುದು ಬಸ್‌ಸ್ಟ್ಯಾಂಡಿನ ಹಿಂದೆ ಗಾದ್ರಪ್ಪನ ಕುಲುಮೆಯಲ್ಲಿ. ಗಾದ್ರಪ್ಪ ಜಗಳೂರು ಸೀಮೆಯವನು. ಹೆಂಡತಿ ಹುಲಿಗೆಮ್ಮನನ್ನೂ ಅಪ್ಪನ ಸುತ್ತಿಗೆಯನ್ನೂ ಕಟ್ಟಿಕೊಂಡು ಇತ್ತ ಬಂದು, ಲಾರಿಗಳ ಹಳೇ ಕಮಾನುಪಟ್ಟಿ ಕಾಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಾಡುತ್ತಿದ್ದ. ಮರದ ಹಲಗೆಗೆ ನೆಟ್ಟಗೆ ನಿಲ್ಲಿಸಿದ ಕತ್ತಿ ಅದು. ಹಲಗೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೂತು, ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಒತ್ತಿದರೆ ಸಿಪ್ಪೆ ಬಿಡುತ್ತದೆ. ಕೆರೆಬಿಳಚಿಯ ಸುಲಿಯುವ ಹೆಂಗಸರು ಗಾದ್ರಪ್ಪನ ಕತ್ತಿ ಬಿಟ್ಟು ಬೇರೆಯದರ ಮುಂದೆ ಕೂರುತ್ತಿರಲಿಲ್ಲ. ಹುಲಿಗೆಮ್ಮನೂ ಅವರಲ್ಲೊಬ್ಬಳು. ಕತ್ತಿಯ ಕುತ್ತಿಗೆಯಲ್ಲಿ ಒಲೆಯ ಮೂರು ಗುಂಡುಗಳ ಹಾಗೆ ಮೂರು ಚುಕ್ಕಿ ಇರುತ್ತಿದ್ದವು. ಅದೇ ಗುರುತು.

ಇಬ್ಬರೂ ಒಂದು ಬೈಟೂ ಟೀ ತರಿಸುತ್ತಿದ್ದರು. ದೊಡ್ಡ ಲೋಟ ಪಂಚಾಕ್ಷರಪ್ಪನವರಿಗೆ. ಸ್ನೇಹ ನಿಜವಾದದ್ದೇ.

ಎಪ್ಪತ್ತಾರರಲ್ಲಿ ಇಬ್ಬರೂ ಪಾಲುದಾರರಾದರು. ಪಂಚಾಕ್ಷರಪ್ಪನವರು ದುಡ್ಡು ಹಾಕಿ ಷೆಡ್ಡು ಕಟ್ಟಿಸಿ, ಕರೆಂಟಿನ ಸಾಣೆಕಲ್ಲು ತಂದರು. ಗಾದ್ರಪ್ಪ ತನ್ನ ಪಾಲಿಗೆ ಕೈಕೆಲಸ ಹಾಕಿದ. ಕೆಂಪು ಬಣ್ಣ ಬಳಿದ ಎರಡಂಗುಲ ದಪ್ಪದ ಹೊನ್ನೆ ಹಲಗೆಯ ಮೇಲೆ ದಾವಣಗೆರೆಯ ಪೇಂಟರ್ ಹಳದಿಯಲ್ಲಿ ಬರೆದ: ‘ಶ್ರೀ ಪಂಚಾಕ್ಷರಪ್ಪನವರ ಕತ್ತಿ ಕಾರ್ಖಾನೆ’. “ಎಷ್ಟು ವರ್ಷ ಬಾಳಬೇಕು ಬಣ್ಣ?” ಎಂದು ಅವನು ಕೇಳಿದ್ದಕ್ಕೆ, “ನಾನು ಸತ್ತ ಮೇಲೂ,” ಎಂದಿದ್ದರು ಪಂಚಾಕ್ಷರಪ್ಪನವರು. ಪೇಂಟರ್ ಮಾತು ಉಳಿಸಿಕೊಂಡ.

ಮಾಲು ಹೊತ್ತು ಹೊನ್ನಾಳಿ, ನ್ಯಾಮತಿ ಸಂತೆಗೆ ಹೋಗುವುದು ಪಂಚಾಕ್ಷರಪ್ಪನವರ ಪಾಲಿನ ಕೆಲಸ. ಇಸ್ತ್ರಿ ಅಂಗಿ ತೊಟ್ಟು ಬಸ್ಸಿನಲ್ಲಿ ಹೋಗುತ್ತಿದ್ದರು. ಎರಡನೇ ವರ್ಷ ನ್ಯಾಮತಿಯಲ್ಲಿ ಒಬ್ಬ ಮುದುಕಿ ಬಂದಳು.

“ಮೂರು ಚುಕ್ಕಿ ಕತ್ತಿ ಐತೇನಪ್ಪಾ?”

“ಐತೆ ತಾಯಿ. ನಮ್ಮ ಕಾರ್ಖಾನೇದೇ.”

“ನಿಮ್ದಾ? ಗಾದ್ರಪ್ಪಂದಲ್ವಾ ಅದು?” ಮುದುಕಿ ಇವರನ್ನು ಮೇಲಿಂದ ಕೆಳಗೆ ನೋಡಿ ಪಕ್ಕದವಳಿಗೆ ಹೇಳಿದಳು: “ನೋಡೇ, ಕತ್ತಿ ಹೊರೋ ಆಳಿಗೂ ಇಸ್ತ್ರಿ ಅಂಗಿ ಕೊಡ್ಸ್ಯಾನೆ. ಪುಣ್ಯಾತ್ಮ.”

ಪಂಚಾಕ್ಷರಪ್ಪನವರು ಆವತ್ತು ಉಳಿದ ಮಾಲನ್ನು ವಾಪಸು ಹೊತ್ತು ತಂದರು. ಮಾರನೆಯ ವಾರವೇ ದಾವಣಗೆರೆಯಲ್ಲಿ ತಮ್ಮ ಪೂರಾ ಹೆಸರಿನ ಉಕ್ಕಿನ ಅಚ್ಚು ಮಾಡಿಸಿ ತಂದು ಗಾದ್ರಪ್ಪನ ಮುಂದಿಟ್ಟರು.

“ಕಾದಿರೋವಾಗ್ಲೇ ಹೊಡಿ. ಆಳವಾಗಿ ಬೀಳ್ಬೇಕು.”

ಗಾದ್ರಪ್ಪ ಅಚ್ಚನ್ನು ತಿರುಗಿಸಿ ನೋಡಿದ. “ಪಂಚಣ್ಣಾ, ಇಷ್ಟುದ್ದದ್ದು ಕುತ್ತಿಗೇಲಿ ಹಿಡಿಯಾಕಿಲ್ರಿ. ಅಲಗಿನ ಮೇಲೇ ಬೀಳ್ತೈತೆ. ಅಲಗಿಗೆ ಗಾಯ ಮಾಡಿ ಆಮೇಲೆ ಕೆಂಪಗೆ ಕಾದದ್ದನ್ನ ಅದ್ದಿ ನೀರು ಕುಡಿಸಿದ್ರೆ ಗಾಯದಾಗೇ ಬಿರಿತೈತೆ.”

“ನಿನ್ನ ಚುಕ್ಕಿಗೆ ಬಿರಿಯಲ್ವಾ?”

“ಅದು ಕುತ್ತಿಗೆ, ಅಲ್ಲಿಗೆ ನೀರು ಮುಟ್ಸಲ್ಲ. ಅದೂ ಅಲ್ದೆ, ನೀರು ಕುಡ್ಸಿ, ಬಡ್ದು ನೋಡಿ, ಟಣ್ ಅಂದ ಮೇಲೇ ನಾನು ಚುಕ್ಕಿ ಇಡಾದು.” ಅವನು ಪರಿಹಾರವನ್ನೂ ಹೇಳಿದ. “ಹೆಸ್ರೇ ಬೇಕಂದ್ರೆ ಕೆಳಗೆ ಹಲಗೆ ಐತಲ್ರಿ. ಅದ್ರ ಮೇಲೆ ಕೊರ್ಸಾನ. ಎಷ್ಟುದ್ದ ಬೇಕಾದ್ರೂ ಹಿಡಿತೈತೆ.”

ಪಂಚಾಕ್ಷರಪ್ಪನವರು ಎದ್ದು ನಿಂತೇಬಿಟ್ಟರು. “ಹಲಗೆ ಮೇಲೆ ಹೆಂಗಸ್ರು ಕಾಲು ಇಡ್ತಾರೆ ಕಣಲೇ! ಶಿವನ ಮಂತ್ರದ ಹೆಸರು ನಂದು. ಅದರ ಮೇಲೆ ಕೆರೆಬಿಳಚಿ ಹೆಂಗಸ್ರ ಹಿಮ್ಮಡಿ ಇಡಿಸ್ತೀಯಾ?”

ಶಿವ ಅಡ್ಡ ಬಂದ ಮೇಲೆ ಗಾದ್ರಪ್ಪ ಅಚ್ಚನ್ನು ಕೈಗೆತ್ತಿಕೊಂಡ. ಹೆಸರು ಅಲಗಿನ ಮೇಲೇ ಬಿತ್ತು. ಅಕ್ಷರಗಳಿಗಿಂತ ಒತ್ತುಗಳು ಇನ್ನೂ ಕೆಳಕ್ಕೆ, ಹರಿತ ಬಾಯಿಯ ಹತ್ತಿರಕ್ಕೆ ಇಳಿದವು. ನೀರಿಗಿಟ್ಟಾಗ ಕೆಲವು ಅಲ್ಲೇ ‘ಚಿಟ್’ ಎಂದು ಬಿರಿದವು. ಇನ್ನು ಕೆಲವು ಸುಮ್ಮನಿದ್ದವು, ಆದರೆ ಸುತ್ತಿಗೆಯಲ್ಲಿ ತಟ್ಟಿದರೆ ಒಡೆದ ಮಡಕೆಯ ಹಾಗೆ ನುಡಿದವು. ಗಾದ್ರಪ್ಪ ಒಂದೊಂದನ್ನೂ ತಟ್ಟಿ, ಕಿವಿಗೊಟ್ಟು, ಮೂರರಲ್ಲಿ ಎರಡನ್ನು ಮೂಲೆಗೆ ಎಸೆಯುತ್ತಿದ್ದ. ಉಳಿದದ್ದಕ್ಕೆ ಮಾತ್ರ ಚುಕ್ಕಿ.

ಮೂಲೆಯಲ್ಲಿ ರಾಶಿ ಬೆಳೆಯಿತು. ನಷ್ಟ ಆಗುತ್ತಿದೆ ಎಂದು ಪಂಚಾಕ್ಷರಪ್ಪನವರು ಒಂದು ದಿನವೂ ಕೊರಗಿದವರಲ್ಲ, ಅಷ್ಟು ದೊಡ್ಡ ಮನಸ್ಸು ಅವರದು. ಅವರಿಗೆ ತಡೆಯಲಾಗದಿದ್ದುದು ಬೇರೆ. ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದರೆ ಗುಜರಿ ರಾಶಿಯಿಂದ ನೂರೈವತ್ತು ಪಂಚಾಕ್ಷರಪ್ಪಗಳು ಅವರನ್ನು ನೋಡುತ್ತಿದ್ದವು.

“ಹೊಟ್ಟೆಕಿಚ್ಚಿಗೆ ಎಸಿತಿದೀಯ ನೀನು,” ಎಂದರು ಒಮ್ಮೆ.

“ನಿಮ್ಮ ಹೆಸ್ರಿನ ಮ್ಯಾಲೆ ನಂಗೇನ್ರಿ ಸಿಟ್ಟು? ಅದು ಕೂಗೋದು ಕಿವಿಗೆ ಬೀಳ್ತೈತೆ, ಎಸಿತೀನಿ.”

ಎಪ್ಪತ್ತೆಂಟರ ಅಡಿಕೆ ಸುಗ್ಗಿ ಆಗಷ್ಟೇ ಶುರುವಾಗಿತ್ತು. ಜಗಳೂರಿನಲ್ಲಿ ತಾಯಿ ಅಜ್ಜಮ್ಮ ತೀರಿಕೊಂಡಳೆಂದು ಗಾದ್ರಪ್ಪ ಹೊರಟ. ಮಣ್ಣು ಮುಗಿಸಿಕೊಂಡು ಹುಲಿಗೆಮ್ಮ ಮೂರನೇ ದಿನಕ್ಕೆ ಸುಲಿಯುವ ಕೆಲಸಕ್ಕೆ ವಾಪಸಾದಳು. ಗಾದ್ರಪ್ಪ ದಿವಸದ ಕಾರ್ಯ ಮುಗಿಸಲು ಅಲ್ಲೇ ಉಳಿದ. ಇತ್ತ ಕೆರೆಬಿಳಚಿಯಲ್ಲಿ ಸುಲಿಯುವ ಗುತ್ತಿಗೆ ಹಿಡಿದಿದ್ದ ಕೊಟ್ರಬಸಪ್ಪ ಐವತ್ತು ಕತ್ತಿ ಕೇಳಿ ಕಳಿಸಿದ.

ಷೆಡ್ಡಿನಲ್ಲಿ ತಯಾರಿದ್ದದ್ದು ಹನ್ನೊಂದು. ಮೂಲೆಯಲ್ಲಿದ್ದವು ಬೇಕಾದಷ್ಟು.

ಪಂಚಾಕ್ಷರಪ್ಪನವರು ಒಂದನ್ನು ಎತ್ತಿ ಬಟ್ಟೆಯಲ್ಲಿ ಒರೆಸಿದರು. ಹೆಸರು ಹೊಳೆಯಿತು. ಬಿರುಕು ಎಲ್ಲಿದೆಯೆಂದು ಹುಡುಕಿದರು, ಕಾಣಲಿಲ್ಲ. ತಟ್ಟಿದರು. ಅವರ ಕಿವಿಗೆ ಎಲ್ಲವೂ ಒಂದೇ ಥರ ಕೇಳಿಸಿತು. ಚುಕ್ಕಿಯಿಲ್ಲದೆ ಹೆಂಗಸರು ಮುಟ್ಟುವುದಿಲ್ಲವಲ್ಲ, ಅದಕ್ಕೆ ಗಾದ್ರಪ್ಪ ಚುಕ್ಕಿ ಇಡುವ ಮೊಳೆ ತೆಗೆದುಕೊಂಡು ತಾವೇ ಚುಕ್ಕಿ ಹೊಡೆದರು. ಮೂವತ್ತೆಂಟು ವರ್ಷದ ಬಾಳಿನಲ್ಲಿ ಸ್ವಂತ ಕೈಯಿಂದ ಮಾಡಿದ ಮೊದಲ ಕೆಲಸ ಅದು. ಅವು ಗುಂಡುಗಳ ಹಾಗೆ ಕೂರದೆ, ಸಾಲಾಗಿ, ಇರುವೆ ಹೊರಟ ಹಾಗೆ ಬಂದವು. ಚುಕ್ಕಿ ಚುಕ್ಕಿಯೇ ಎಂದುಕೊಂಡರು.

ಐವತ್ತೂ ಕತ್ತಿ ಕೆರೆಬಿಳಚಿ ಸೇರಿದ ನಾಲ್ಕನೇ ದಿನ ಕೊಟ್ರಬಸಪ್ಪನ ಕಣದಲ್ಲಿ ಹುಲಿಗೆಮ್ಮ ಹೊಸ ಕತ್ತಿಯ ಮುಂದೆ ಕೂತಳು. ಪಕ್ಕದ ಹೊಸಬಳು ಹೆದರಿ ಹೆದರಿ ಒತ್ತುತ್ತಿದ್ದಳು. “ಹೆದರ್ಬ್ಯಾಡವೇ, ನನ್ ಗಂಡನ ಚುಕ್ಕಿ ಐತೆ. ಹಿಂಗೆ ಒತ್ತು,” ಎಂದು ತೋರಿಸಲು ತನ್ನ ಕತ್ತಿಯ ಮೇಲೆ ಕಾಯಿಯಿಟ್ಟು ಭಾರ ಬಿಟ್ಟಳು. ಅಲಗು ಹೆಸರಿನ ನಡುವೆ ಮುರಿಯಿತು. ಭಾರದ ಕೈ ಹಲಗೆಯಲ್ಲಿ ಉಳಿದ ಮೋಟಿನ ಮೇಲೆ ಬಿತ್ತು.

ಎಡಗೈ ಹೆಬ್ಬೆರಳು ಸಿಪ್ಪೆಯ ರಾಶಿಯಲ್ಲಿ ಸಿಕ್ಕಿತು. ಆಸ್ಪತ್ರೆಗೆ ಒಯ್ದರು. ಅದನ್ನು ಕೂರಿಸುವಷ್ಟು ವಿದ್ಯೆ ಆಗ ನಮ್ಮ ಕಡೆ ಇರಲಿಲ್ಲ.

ದಿವಸ ಮುಗಿಸಿ, ಬೋಳಿಸಿದ ತಲೆಯಲ್ಲೇ ಗಾದ್ರಪ್ಪ ಕಣಕ್ಕೆ ಬಂದ. ಪಂಚಾಕ್ಷರಪ್ಪನವರು ಅಲ್ಲಿದ್ದರು. ಸುತ್ತ ಹೆಂಗಸರು, ಆಳುಗಳು. ಕೊಟ್ರಬಸಪ್ಪ ಮೋಟುಗತ್ತಿಯನ್ನು ಅವನ ಮುಂದೆ ಹಾಕಿದ.

“ಕಟ್ಕೊಂಡೋಳಿಗೇ ಇಂಥಾದ್ದು ಕೊಟ್ಯಲ್ಲೋ, ಊರೋರಿಗೆ ಇನ್ನೆಂಥಾದ್ದು ಕೊಟ್ಟಿರ್ಬೇಕು ನೀನು!”

ಗಾದ್ರಪ್ಪ ಕುತ್ತಿಗೆಯನ್ನು ಬೆರಳಲ್ಲಿ ಸವರಿದ. ಆಮೇಲೆ ತಲೆಯೆತ್ತಿ ಪಂಚಾಕ್ಷರಪ್ಪನವರನ್ನು ನೋಡಿದ. “ಈ ಚುಕ್ಕಿ ನನ್ ಕೈಯವಲ್ಲ.”

“ಚುಕ್ಕಿಗೂ ಕೈ ಗುರುತು ಇರ್ತೈತೇನೋ? ಬೆರಳಚ್ಚಿನೋರನ್ನ ಕರ್ಸಾನ?” ಎಂದ ಕೊಟ್ರಬಸಪ್ಪ. ಆಳುಗಳು ನಕ್ಕರು. “ನೀವು ಹೇಳ್ರಿ ಸಾವ್ಕಾರ್ರೆ. ಇದು ಯಾರ ಚುಕ್ಕಿ?”

ಪಂಚಾಕ್ಷರಪ್ಪನವರು ಒಂದು ಮಾತು ಆಡಬೇಕಿತ್ತು. ಅದು ಕಷ್ಟದ ಮಾತೂ ಆಗಿರಲಿಲ್ಲ. ಆದರೆ ಅಲಗಿನ ಆ ತುಂಡಿನಲ್ಲಿ ‘ಪಂಚಾ’ ಎಂದಿತ್ತು, ಮಂಡಿಯ ಅಣ್ಣಂದಿರಿಗೆ ಸಂಜೆಯೊಳಗೆ ಸುದ್ದಿ ಹೋಗುವುದಿತ್ತು.

“ಮೂರು ಚುಕ್ಕಿ ಯಾರದು ಅಂತ ಮೂರು ತಾಲ್ಲೂಕಿಗೂ ಗೊತ್ತಿದೆಯಪ್ಪ,” ಎಂದರು. “ನಾನು ಬರೀ ಮಾಲು ಹೊರೋನು.”

ಅಲ್ಲಿಗೆ ಮೂರು ಚುಕ್ಕಿ ಮುಗಿಯಿತು. ಹೆಂಗಸರು ಕತ್ತಿ ತಿರುಗಿಸಿ ನೋಡಿ, ಚುಕ್ಕಿ ಇದ್ದರೆ ಕೆಳಗಿಡತೊಡಗಿದರು. ತಿಂಗಳೊಳಗೆ ಷೆಡ್ಡಿಗೆ ಬೀಗ ಬಿತ್ತು. ಹುಲಿಗೆಮ್ಮನ ಕೈ ಮಾಯ್ದ ಮೇಲೆ ಗಾದ್ರಪ್ಪ ಊರಿಗೆ ಹೊರಟು ನಿಂತ. “ಏನು ಬೇಕೋ ಒಯ್ಯಪ್ಪ, ನಿನ್ನ ಪಾಲಿಗೆ,” ಎಂದು ಪಂಚಾಕ್ಷರಪ್ಪನವರು ಧಾರಾಳವಾಗಿ ಹೇಳಿದರು. ಅವನು ಸಾಣೆಕಲ್ಲು ಮುಟ್ಟಲಿಲ್ಲ. ಅಪ್ಪನ ಸುತ್ತಿಗೆ ತೆಗೆದುಕೊಂಡ. ಬಾಗಿಲ ಮೇಲಿನ ಬೋರ್ಡು ಇಳಿಸಿದ.

“ಹಲಗೆ ಚಲೋ ಐತೆ,” ಎಂದ.

ಪಂಚಾಕ್ಷರಪ್ಪನವರ ಕಣ್ಣು ತುಂಬಿತು. “ಏನಾದ್ರೂ ಆಗಲಿ, ಸ್ನೇಹ ದೊಡ್ಡದು. ನನ್ನ ನೆನಪಿಗೆ ನನ್ನ ಹೆಸರನ್ನೇ ಹೊತ್ಕೊಂಡು ಹೋದ,” ಎಂದು ಮುಂದೆ ಏಳು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು.

ಎಂಬತ್ತೈದರಲ್ಲಿ ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯಲ್ಲಿ ತಂದೆಯ ಹೆಸರನ್ನು ಯಾವ ಅಣ್ಣನೂ ತಪ್ಪಿಸುವಂತಿರಲಿಲ್ಲ. ಕೆಂಪು ಶಾಯಿಯಲ್ಲಿ, ನಡುಮಧ್ಯೆ, ದಪ್ಪಗೆ ಬಂದಿತ್ತು. ಒಂದನ್ನು ಕೈಯಾರೆ ಕೊಟ್ಟು ಬರಲು ಅವರು ಜಗಳೂರಿನ ಬಸ್ಸು ಹತ್ತಿದರು.

ಗಾದ್ರಪ್ಪ ಕಂಡವರ ಹೊಲದಲ್ಲಿ ಕೂಲಿ ಮುಗಿಸಿ ಬಂದು ಜಗುಲಿಯಲ್ಲಿ ಕೂತಿದ್ದ. ಬನ್ನಿ ಎಂದ. ಅಷ್ಟೇ. ಸಂಭ್ರಮಪಟ್ಟವಳು ಹುಲಿಗೆಮ್ಮ. ಹೆಬ್ಬೆರಳಿಲ್ಲದ ಕೈಯಲ್ಲಿ ಪತ್ರಿಕೆ ಹಿಡಿಯಲು ಹೋಗಿ ಜಾರಿಸಿ, ನಕ್ಕಳು.

“ಇವ್ನ ಚುಕ್ಕಿ ನಂಬಿ ಕೂತೆ ನೋಡ್ರಿ ಸಾವ್ಕಾರ್ರೆ, ಹೆಬ್ಬೆಟ್ಟೇ ನುಂಗ್ಬಿಟ್ಟ ಪುಣ್ಯಾತ್ಮ. ಊಟ ಮಾಡ್ಕಂಡೇ ಹೋಗ್ಬೇಕು ನೀವು.”

ಗಾದ್ರಪ್ಪ ಅಂಗಳ ನೋಡುತ್ತ ಕೂತಿದ್ದ.

ಹುಲಿಗೆಮ್ಮ ಬದನೆಕಾಯಿ ಹೆಚ್ಚಲು ಈಳಿಗೆಮಣೆ ಎಳೆದುಕೊಂಡು ಮುಂದೆಯೇ ಕೂತಳು. ಎರಡಂಗುಲ ದಪ್ಪದ ಹೊನ್ನೆ ಹಲಗೆ. ಕೆಂಪು ಬಣ್ಣ. ನೆಟ್ಟ ಕತ್ತಿಯ ಕುತ್ತಿಗೆಯಲ್ಲಿ ಒಲೆಗುಂಡುಗಳ ಹಾಗೆ ಮೂರು ಚುಕ್ಕಿ. ಅವಳು ಬಲಗಾಲನ್ನು ಹಲಗೆಯ ಮೇಲಿಟ್ಟಳು. ಹಿಮ್ಮಡಿಯ ಆಚೆಗೆ ‘ಪಂಚಾ’, ಈಚೆಗೆ ‘ಪ್ಪನವರ’.

ಪಂಚಾಕ್ಷರಪ್ಪನವರ ಕಣ್ಣು ಎಲ್ಲಿ ನಿಂತಿತೆಂದು ಅವಳು ನೋಡಿದಳು. “ಏನೋ ಬರ್ದೈತೆ ನೋಡ್ರಿ. ನಂಗೆ ಓದಾಕೆ ಬರಾಕಿಲ್ಲ. ಇವ್ನ ಕೇಳಿದ್ರೆ ಏಳು ವರ್ಷದಿಂದ ಬಾಯಿ ಬಿಡಂಗಿಲ್ಲ. ನೀವು ಕಲ್ತೋರು, ಓದಿ ಹೇಳ್ರಿ.” ಓದಲು ಅನುಕೂಲವಾಗಲೆಂದು ಕಾಲನ್ನೂ ಸ್ವಲ್ಪ ಸರಿಸಿದಳು.

ಗಾದ್ರಪ್ಪ ಮೊದಲ ಸಲ ಅವರ ಕಡೆ ತಿರುಗಿದ.

ತಮ್ಮ ಹೆಸರನ್ನು ಯಾರಾದರೂ ಕೇಳಲಿ ಎಂದೇ ಬಾಳಿದ ಮನುಷ್ಯ ಬಗ್ಗಿ ನೋಡಿದರು. ಹಳದಿ ಬಣ್ಣ ನಿನ್ನೆ ಬರೆದ ಹಾಗೆ ಹೊಳೆಯುತ್ತಿತ್ತು.

“ಬಣ್ಣ ಹೋಗಿದೆಯಮ್ಮ,” ಎಂದರು. “ಏನೂ ಕಾಣ್ತಾ ಇಲ್ಲ.”

“ಹೋಗ್ಲಿ ಬಿಡ್ರಿ, ಹಲಗೆ ಗಟ್ಟಿ ಐತೆ,” ಎಂದು ಹುಲಿಗೆಮ್ಮ ಕಾಲನ್ನು ಮತ್ತೆ ಅಲ್ಲೇ ಊರಿ, ಬದನೆಕಾಯಿಯನ್ನು ಅಲಗಿನ ಮೇಲೆ ಒತ್ತಿದಳು.