ಹಿಂದಿನ ಸೀಟಿನ ಮಾತು

ನಾನು ನೌಕರಿ ಬಿಡುತ್ತೇನೆ ಎಂದು ಹೇಳಿದ ವಾರದಲ್ಲೇ ನನ್ನ ಗಂಡ ದೊಡ್ಡ ಬೈಕು ಕೊಳ್ಳುವ ಮಾತು ತೆಗೆದರು. ದೂರದೂರಿಗೆ ಸುತ್ತಲು ಹೋಗುವವರು ಓಡಿಸುತ್ತಾರಲ್ಲ, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು, ಏಣಿ ಹಾಕಿ ಹತ್ತಬೇಕೇನೋ ಅನ್ನುವಂಥ ಎತ್ತರ, ಅಂಥ ಟೂರಿಂಗ್ ಬೈಕು. "ದಿನಾ ಹುಮನಾಬಾದಕ್ಕ ಹೋಗಿ ಬರ್ಲಿಕ್ಕೂ ಆತು, ಸೂಟಿಯೊಳಗ ನಾವಿಬ್ರೂ ನಾಕು ಊರು ನೋಡ್ಲಿಕ್ಕೂ ಆತು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಹೋಗಿ ಬರುವುದು ಇನ್ನು ನನ್ನ ಕೈಲಾಗದು ಎಂದು ನಾನು ಹೇಳಿದ್ದಕ್ಕೆ ಇದೇನಾ ಉತ್ತರ?

ನಾವಿಬ್ಬರೂ ಹುಮನಾಬಾದಿನಲ್ಲಿ ಕೆಲಸ ಮಾಡುವವರು. ಅವರು ಒಂದು ಕಚೇರಿಯಲ್ಲಿ, ನಾನು ಒಂದು ಖಾಸಗಿ ಶಾಲೆಯಲ್ಲಿ. ಮನೆ ಬಸವಕಲ್ಯಾಣದಲ್ಲಿ. ಮದುವೆಯಾದ ಹೊಸತರಿಂದ ಒಂದೇ ಬೈಕಿನ ಮೇಲೆ ಅಪ್-ಡೌನ್. ಮನೆ ಎಂದರೆ ಅತ್ತೆ, ಮೈದುನ, ನೆಗೆಣ್ಣಿ, ಅವರ ಮಕ್ಕಳು, ನಮ್ಮ ಮಗಳು, ಮೇಲೆ ಬಂದು ಹೋಗುವ ಬೀಗರು. ಗಂಡ ಹೆಂಡತಿ ಎದುರುಬದುರು ಕೂತು ನಾಲ್ಕು ಮಾತಾಡಿದರೆ ಐದನೆಯ ಮಾತಿಗೆ ಯಾರಾದರೂ ಚಹಾ ಕೇಳಿಕೊಂಡು ಬರುತ್ತಾರೆ. ಹಾಗಾಗಿ ನಮ್ಮ ಸಂಸಾರ ನಡೆದದ್ದೆಲ್ಲ ಆ ಬೈಕಿನ ಮೇಲೆಯೇ. ಸೀರೆ ಉಟ್ಟವಳು ನಾನು, ಎಡಗಡೆ ಎರಡೂ ಕಾಲು ಇಳಿಬಿಟ್ಟು ಕೂತು, ಅವರ ಹೆಲ್ಮೆಟ್ಟಿನ ಅಂಚಿಗೆ ಬಾಯಿ ಹಚ್ಚಿ ಮಾತು ಸುರುಮಾಡಿದರೆ ಹೈವೇ ಮುಗಿಯುವವರೆಗೂ ನಿಲ್ಲಿಸುತ್ತಿರಲಿಲ್ಲ.

ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದು, ಅತ್ತೆಯ ಕಣ್ಣಿನ ಆಪರೇಷನ್ ಎಲ್ಲಿ ಮಾಡಿಸುವುದು, ಮೈದುನನ ಜೊತೆ ಬಂದ ಮನಸ್ತಾಪ ಹೇಗೆ ಬಿಡಿಸುವುದು, ಎಲ್ಲ ತೀರ್ಮಾನವಾದದ್ದು ಹಿಂದಿನ ಸೀಟಿನಲ್ಲಿ. ಜಗಳವೂ ಅಲ್ಲೇ. ಒಮ್ಮೆ ಸಿಟ್ಟಿನಿಂದ ಅರ್ಧ ದಾರಿಯಲ್ಲಿ ಇಳಿದು ಬಸ್ಸಿಗೆ ಕೈ ಮಾಡಿ ಹತ್ತಿದ್ದೆ. ಅವರು ಹುಮನಾಬಾದು ಬರುವ ತನಕ ಬಸ್ಸಿನ ಹಿಂದೆಯೇ ಬೈಕು ಓಡಿಸಿಕೊಂಡು ಬಂದರು. ನಾನು ಕಿಟಕಿಯಿಂದ ನೋಡಿ ನಗು ತಡೆದುಕೊಂಡೆ. ಆ ಕಾಲದಲ್ಲಿ ಅವರು ನನ್ನ ಒಂದು ಮಾತಿಗೆ ಎರಡು ಮಾತು ಹಿಂದಿರುಗಿಸುತ್ತಿದ್ದರು.

ಇತ್ತೀಚೆಗೆ ಅದು ಬದಲಾಗಿತ್ತು. ಯಾವಾಗಿನಿಂದ ಎಂದು ಬೆರಳಿಟ್ಟು ಹೇಳಲಾರೆ. ನಾನು ಹಿಂದೆ ಕೂತು ಗಂಟಲು ಹರಿದುಕೊಂಡರೂ ಅವರಿಂದ ಬರುತ್ತಿದ್ದದ್ದು ಒಂದೇ, "ಹೂಂ". ಶಾಲೆಯಲ್ಲಿ ಇಂಥ ಮಾತು ಬಂತು ಅಂದರೆ ಹೂಂ. ನಿಮ್ಮ ತಂಗಿ ಹೀಗಂದಳು ಅಂದರೂ ಹೂಂ. ಹಿಂದೆಲ್ಲ ತಂಗಿಯ ಸುದ್ದಿ ತೆಗೆದರೆ ಬೈಕು ನಿಲ್ಲಿಸಿ ವಾದಕ್ಕೆ ಇಳಿಯುತ್ತಿದ್ದ ಮನುಷ್ಯ! ಮನೆಯಲ್ಲಿ ಮಾತ್ರ ಯಾರೇ ಮಾತಾಡಿಸಿದರೂ ಪೂರಾ ಮುಖ ತಿರುಗಿಸಿ, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದರು. ವಯಸ್ಸಾದಂತೆ ಎಷ್ಟು ಸಮಾಧಾನ ಬಂದಿದೆ ಎಂದು ಅತ್ತೆ ಹೊಗಳುತ್ತಿದ್ದರು. ಊರಿಗೆಲ್ಲ ಸಮಾಧಾನ, ನನಗೆ ಬರೀ ಹೂಂ. ಈ ಮನುಷ್ಯನಿಗೆ ನಾನು ಸಾಕಾಗಿದ್ದೇನೆ ಎಂಬ ಯೋಚನೆ ಒಳಗೆ ಬಂದು ಕೂತಿತು. ಕೂತದ್ದು ಏಳಲಿಲ್ಲ.

ಹೊಲಗಳಲ್ಲಿ ತೊಗರಿ ಹೂ ಬಿಟ್ಟಿದ್ದ ದಿನಗಳು. ಸಂಜೆ ಮನೆಗೆ ಬರುವಾಗ, ಬಹಳ ದಿನದಿಂದ ನುಂಗಿಕೊಂಡಿದ್ದನ್ನು ಅಂತೂ ಹೇಳಿಬಿಟ್ಟೆ. ನನಗೆ ಸೊಂಟ ಹಿಡಿದುಹೋಗಿದೆ, ಮಕ್ಕಳ ಮುಂದೆ ನಿಂತರೆ ಕಣ್ಣು ಕತ್ತಲೆ ಬರುತ್ತದೆ, ನನಗೆ ದಣಿವಾಗಿದೆ, ನೌಕರಿ ಬಿಡಬೇಕು ಅಂತ ಮಾಡಿದ್ದೇನೆ, ನೀವೇನಂತೀರಿ? ಇಷ್ಟನ್ನು ನನ್ನ ತಾಯಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವರು, "ಹೂಂ" ಎಂದರು. ಅಷ್ಟೇ. ಮನೆ ಬಂತು, ಇಳಿದೆ, ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತೆ.

ಅದಾದ ಮೇಲೆ ಈ ಬೈಕಿನ ಮಾತು. ಊಟಕ್ಕೆ ಕೂತರೂ ಅದೇ, ಮೊಬೈಲು ತೆಗೆದರೂ ಅದೇ. "ಸೀಟು ನೋಡು ಹ್ಯಾಂಗದ, ಹಾಸಿಗಿ ಇದ್ದಂಗ. ಲಾರಿ ಬಾಜೂಕ ಹೋದ್ರ ನಮ್ ಗಾಡಿ ನಡಗ್ತದಲ್ಲ, ಇದು ಜರಾನೂ ಅಲ್ಲಾಡಂಗಿಲ್ಲ." ನಾನು ತಾಟು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ನನ್ನ ನೆಗೆಣ್ಣಿಯೇ ಒಂದು ದಿನ ಅಡುಗೆಮನೆಯಲ್ಲಿ ಹಿಡಿದುಕೊಂಡು ಕೇಳಿದಳು. "ಯಾಕಕ್ಕಾ, ಭಾವ ಅಷ್ಟು ಹೌಸಿಲೆ ಹೇಳಾಕತ್ತಾರ, ನೀ ಮುಖ ಗಂಟ್ ಹಾಕ್ಕೊಂಡು ಕುಂತೀದಿ?"

"ಅವರಿಗೆ ಗಾಡಿ ಮ್ಯಾಲ ಪ್ರೀತಿ ಬಂದದ. ಗಾಡಿನೇ ರೊಟ್ಟಿ ಬಡದು ಹಾಕ್ಲಿ" ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಗೆ ನಾನೇ ಒಂದು ಉಪಾಯ ಹೂಡಿದೆ. ಷೋರೂಮಿಗೆ ಹೋಗುವುದು, ಬೈಕಿನಲ್ಲಿ ಹತ್ತು ಕೊಂಕು ತೆಗೆಯುವುದು, ಅಲ್ಲಿಗೆ ಆ ಮಾತೇ ಮುಗಿಯಬೇಕು. ಭಾನುವಾರ ಹೋಗೋಣ ಎಂದಾಗ ಅವರ ಮುಖ ಅರಳಿದ್ದನ್ನು ನೋಡಿ ಒಂದು ಕ್ಷಣ ಪಾಪ ಅನ್ನಿಸಿತು. ಪೆಟ್ಟಿಗೆ ಇರುವ ಗಾಡಿಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂಡಲು ಆಗುವುದಿಲ್ಲ ಎಂದು ನೆಗೆಣ್ಣಿ ತನ್ನ ಚೂಡಿದಾರು ಕೊಟ್ಟಳು. ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರೆ ಯಾರದೋ ಮನೆಯ ಹೆಣ್ಣುಮಗಳಂತೆ ಕಂಡೆ. ಅತ್ತೆ ನೋಡಿಯೂ ನೋಡದಂತೆ ಇದ್ದರು, ಅವರ ಪುಣ್ಯ.

ಹುಮನಾಬಾದಿನ ಷೋರೂಮಿನಲ್ಲಿ ಗಡ್ಡಕ್ಕೆ ಮೆಹೆಂದಿ ಹಚ್ಚಿದ ಸೇಲ್ಸ್‌ಮನ್ ಒಬ್ಬರಿದ್ದರು, ನಮ್ಮ ವಯಸ್ಸಿನವರೇ. ಹತ್ತುವುದು ಹೇಗೆ ಎಂದು ನಾನು ಬೈಕನ್ನೇ ದಿಟ್ಟಿಸುತ್ತ ನಿಂತದ್ದು ನೋಡಿ, "ಫಿಕರ್ ಮಾಡಬ್ಯಾಡ್ರಿ ಮೇಡಮ್. ಸಾಹೇಬ್ರ ಹೆಗಲು ಹಿಡೀರಿ, ಇಲ್ಲಿ ಕಾಲಿಡ್ರಿ, ಆ ಕಾಲು ಆಕಡೆ ಒಗೀರಿ" ಎಂದರು. ಒಗೆದೆ. ಮೊದಲ ಸಲ ಪೆಟ್ಟಿಗೆಗೆ ಬಡಿಯಿತು, ಎರಡನೆಯ ಸಲ ಕೂತೆ. ಹಿಂದಿನ ಸೀಟು ಮುಂದಿನದಕ್ಕಿಂತ ಎತ್ತರ. ನನ್ನ ಗದ್ದ ಗಂಡನ ಹೆಗಲಿನ ಮೇಲೆ ಬಂತು. ಅವರು ಪಕ್ಕದ ಹುಡಗಿ ಎಂಬ ಊರಿನ ಕಡೆಗೆ ಮೆಲ್ಲಗೆ ಓಡಿಸಿದರು.

ನಾನು ಎರಡೂ ಕೈಯಿಂದ ಅವರನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಲಹೆಗಲಿಗೆ ಮುಖ ಒತ್ತಿಕೊಂಡು, ನನ್ನಷ್ಟಕ್ಕೆ ನಾನೇ ಗೊಣಗಿದೆ. "ಈ ವಯಸ್ಸಿನ್ಯಾಗ ನನಗ ಇದೆಲ್ಲ ಬೇಕಾಗಿತ್ತೇನು?"

"ಯಾಕ, ಏನಾಗ್ಯಾದ ವಯಸ್ಸಿಗೆ?" ಎಂದರು ಅವರು.

ನಾನು ಬೆಚ್ಚಿದೆ. "ಬೀಳ್ತೀನಿ ಅನ್ನಸ್ತದ" ಎಂದೆ.

"ನಾ ಇದ್ದಾಗ ಹ್ಯಾಂಗ ಬೀಳ್ತಿ? ಸೊಂಟಕ್ಕ ಆರಾಮ ಅದ ಇಲ್ಲ ಹೇಳು ಮೊದಲ."

"ಇವತ್ತೇನು ಭಾಳ ಮಾತು ಬರಾಕತ್ತಾವ?"

"ನೀ ಮಾತಾಡ್ಸಿದಿ, ನಾ ಮಾತಾಡ್ದೆ!"

ಅಯ್ಯೋ ದೇವರೇ, ಎಷ್ಟು ದಿನವಾಗಿತ್ತು ಹೀಗೆ ಮಾತಿಗೆ ಮಾತು ಬಂದು! ಸಂತೋಷ ಆಗಬೇಕಿತ್ತು, ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಹೊಸ ಬೈಕಿನ ಮೇಲೆ ಕೂತರೆ ಬಾಯಿ ಬರುತ್ತದೆ, ಹೆಂಡತಿ ಅಳುತ್ತ ಹೇಳಿದರೆ ಬರುವುದಿಲ್ಲ. "ಇಷ್ಟು ಛಂದ ಕೇಳಸ್ತದ ಅಂದ್ಮ್ಯಾಲ, ಅವತ್ತು ನಾ ನೌಕರಿ ಬಿಡ್ತೀನಿ ಅಂದಾಗ ಯಾಕ ಬರೀ ಹೂಂ ಅಂದ್ರಿ?"

"ಯಾವಾಗ ಅಂದಿ?"

ಎಂಥ ನಾಟಕ! ಕಣ್ಣಲ್ಲಿ ನೀರು ತುಂಬಿತು. ಅವರ ಕನ್ನಡಿಯಲ್ಲಿ ಕಾಣಬಾರದೆಂದು ಮುಖವನ್ನು ಈ ಹೆಗಲಿನಿಂದ ತೆಗೆದು ಆ ಹೆಗಲಿಗೆ, ಎಡಗಡೆಗೆ ಒಯ್ದೆ. ನಾನು ದಿನಾ ಮಾತಾಡುವ ಕಡೆ ಅದೇ. ಒಳಗೆ ಕೂತಿದ್ದ ಪ್ರಶ್ನೆಯನ್ನು ಅಲ್ಲಿಯೇ ಕೇಳಿಬಿಟ್ಟೆ. "ನಾ ನಿಮಗ ಸಾಕಾಗೀನೇನ್ರಿ?"

"ಹೂಂ" ಎಂದರು ನನ್ನ ಗಂಡ, ಬಹಳ ಪ್ರೀತಿಯಿಂದ.

ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಅವರು ಗಾಬರಿಯಾಗಿ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಎದುರಿಗೆ ನಿಂತು, "ಈಗೇನಂದ್ರಿ? ಖರೇ ಹೇಳ್ರಿ, ಏನಂದ್ರಿ?" ಎಂದೆ. ಅವರು ನನ್ನ ಮುಖ ನೋಡಿದರು, ತುಟಿ ನೋಡಿದರು, ಮತ್ತೆ ಕಣ್ಣು ನೋಡಿದರು. ಆ ನೋಟ ನನಗೆ ಗೊತ್ತು. ಪಾಠದ ಮಧ್ಯೆ ತಟ್ಟನೆ ಎಬ್ಬಿಸಿದರೆ, ಪ್ರಶ್ನೆಯೇ ಕೇಳಿಸದ ಮಗು ಹೀಗೆಯೇ ನೋಡುತ್ತದೆ, ಏನು ಹೇಳಿದರೆ ಟೀಚರಿಗೆ ಸಿಟ್ಟು ಬರುವುದಿಲ್ಲ ಎಂದು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವರ ಹೆಲ್ಮೆಟ್ಟು ತೆಗೆಸಿದೆ. ಎಡಗಡೆಗೆ ಹೋಗಿ ನಿಂತು ಕಿವಿಯ ಹತ್ತಿರ ಅವರ ತಂಗಿಯನ್ನು ಚೆನ್ನಾಗಿ ಬೈದೆ. ಅವರು ಸುಮ್ಮನೆ ತೊಗರಿ ಹೊಲ ನೋಡುತ್ತ ನಿಂತಿದ್ದರು.

"ಯಾವಾಗಿಂದ?" ಎಂದು ಎದುರಿಗೆ ಬಂದು ಕೇಳಿದೆ.

ತಪ್ಪಿಸಿಕೊಳ್ಳಲು ದಾರಿ ಇಲ್ಲವೆಂದು ಅವರಿಗೂ ಗೊತ್ತಾಯಿತು. "ಎರಡು ವರ್ಷ ಆಗ್ಲಿಕ್ಕೆ ಬಂತು. ಮೊದಲ ಸೊಂಯ್ ಅಂತಿತ್ತು, ಆಮ್ಯಾಲ ಅದೂ ನಿಂತಿತು. ಈ ಕಿವಿ ಬರೋಬರ್ ಅದ, ಆ ಕಿವಿ ಹೋಗ್ಯಾದ."

"ಹೇಳ್ಲಿಲ್ಲ ಯಾಕ? ನಾ ಏನ್ ಸತ್ತಿದ್ನೇನು?"

"ಹೇಳಿದ್ರ ನೀ ಹಿಂದ ಕುಂತು ಮಾತಾಡೂದು ಬಿಡ್ತಿದ್ದಿ. ಹೆಂಗೂ ಇವರಿಗೆ ಕೇಳಸಂಗಿಲ್ಲ ಅಂತ ಸುಮ್ನ ಕೂಡ್ತಿದ್ದಿ. ಮಾತು ತಿಳೀತಿರ್ಲಿಲ್ಲ ಖರೇ, ಆದ್ರ ನಿನ್ನ ದನಿ ಬೆನ್ನಿಗೆ ಹತ್ತತಿತ್ತು. ಅಷ್ಟಾದ್ರೂ ಇರ್ಲಿ ಅಂತ ಹೂಂ ಅಂತಿದ್ದೆ."

ರಸ್ತೆಯ ಪಕ್ಕ, ಹೋಗಿ ಬರುವ ಲಾರಿಗಳೆಲ್ಲ ನೋಡುವಂತೆ, ನೆಗೆಣ್ಣಿಯ ಚೂಡಿದಾರಿನಲ್ಲಿ ನಿಂತು ನಾನು ಗಟ್ಟಿಯಾಗಿ ಅತ್ತೆ. ಅವರು ಏನು ಮಾಡಬೇಕೆಂದು ತಿಳಿಯದೆ ಹೆಲ್ಮೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಿದ್ದರು. ಆಮೇಲೆ ನೌಕರಿಯ ಮಾತು ಕೇಳಿದರು. ಮೊದಲಿನಿಂದ ಹೇಳಿದೆ, ಸೊಂಟ, ಕಣ್ಣುಕತ್ತಲೆ, ದಣಿವು ಎಲ್ಲ. ನಡುವೆ ಒಂದು ಸಲವೂ ಹೂಂ ಅನ್ನಲಿಲ್ಲ.

"ಗಾಡಿ ಇಳಿಯೂ ಮುಂದ ನೀ ಸೊಂಟ ಹಿಡ್ಕೋತಿದ್ದಿ. ಅದನ್ನ ನೋಡೇ ಈ ಸೀಟಿನ ಗಾಡಿ ಹುಡುಕಿದ್ದು" ಎಂದರು. "ಅಷ್ಟು ದಣದೀದಿ ಅಂತ ಗೊತ್ತಿರ್ಲಿಲ್ಲ. ನಾಳೇನೇ ಬಿಡು. ಗಾಡಿನೂ ಬ್ಯಾಡ."

ಅಷ್ಟರಲ್ಲಿ ಸೇಲ್ಸ್‌ಮನ್ ಫೋನು ಮಾಡಿದರು, ಗಾಡಿ ಬಂದ್ ಬಿತ್ತೇನ್ರಿ ಎಂದು. ಇಲ್ಲರಿ, ಬರಾಕತ್ತೇವಿ ಎಂದೆ.

ಕಲಬುರಗಿಯ ಕಿವಿ ಡಾಕ್ಟರಿಗೆ ತೋರಿಸಿದೆವು. ಎಡಗಿವಿಯ ನರ ಹೋಗಿದೆ, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಬಲಗಿವಿ ಗಟ್ಟಿಯಿದೆ, ಕನ್ನಡಿ ನೋಡಿಕೊಂಡು ನಿಧಾನವಾಗಿ ಗಾಡಿ ಓಡಿಸಬಹುದು ಎಂದರು. ಮೊದಲೇ ಬಂದಿದ್ದರೆ ಎಂಬ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ದಿನಾ ಅದೇ ಕಿವಿಯ ಪಕ್ಕದಲ್ಲಿ ಕೂತವಳು ನಾನು.

ಬೇಸಿಗೆ ಸೂಟಿಯ ತನಕ ಬರುತ್ತೇನೆ, ಆಮೇಲೆ ಇಲ್ಲ ಎಂದು ಶಾಲೆಗೆ ಬರೆದುಕೊಟ್ಟೆ. ಅವರು ನಿಶ್ಚಿಂತೆಯಿಂದ, "ಮುಗೀತು ಬಿಡು. ನಿನ್ನ ಅಪ್-ಡೌನೇ ಇಲ್ಲ ಅಂದ್ಮ್ಯಾಲ ದೊಡ್ಡ ಗಾಡಿ ಯಾಕ?" ಎಂದರು.

"ಹೌದ್ರೀ? ಮತ್ತ ನಾ ಯಾರ ಜೋಡಿ ಮಾತಾಡ್ಲಿ? ಮನ್ಯಾಗ ನಿಮ್ಮನ್ನ ನನ್ನ ಪಾಲಿಗೆ ಯಾರು ಬಿಡ್ತಾರ?" ಎಂದೆ. "ಗಾಡಿ ಬೇಕು. ಊರು ನೋಡ್ತೀವೋ ಬಿಡ್ತೀವೋ, ಗಾಡಿ ಬೇಕು."

ಬೈಕು ಬಂತು. ಸೋಮವಾರ ಚೂಡಿದಾರು ಹಾಕಿಕೊಂಡು, ನೆಗೆಣ್ಣಿಯದಲ್ಲ, ನನ್ನದೇ, ಎರಡೂ ಕಡೆ ಕಾಲು ಹಾಕಿ ಕೂತೆ. ಅತ್ತೆ ಬಾಗಿಲಿಗೆ ಬಂದು ನಿಂತು, ಗಟ್ಟಿ ಹಿಡ್ಕೋ ಅಂದರು. ಊರು ದಾಟಿ ಹೈವೇ ಹತ್ತಿದೆವು. ಅವರು ವೇಗ ಹೆಚ್ಚಿಸಲೇ ಇಲ್ಲ, ಸೈಕಲ್ಲಿನವನೊಬ್ಬ ನಮ್ಮನ್ನು ನೋಡಿ ನಕ್ಕ. ನಾನು ಬಲಹೆಗಲಿನ ಮೇಲೆ ಗದ್ದ ಇಟ್ಟೆ. ಹೇಳುವುದು ಅಷ್ಟೊಂದಿತ್ತು, ಒಂದೂ ಬಾಯಿಗೆ ಬರಲಿಲ್ಲ.

"ಯಾಕ ಸುಮ್ನ ಕುಂತಿ?" ಎಂದರು.

"ಎಲ್ಲಿಂದ ಸುರು ಮಾಡ್ಲಿ ತಿಳೀವಲ್ದು."

ಅವರು ತಲೆಯನ್ನು ನನ್ನ ಕಡೆ ವಾಲಿಸಿ ಹೇಳಿದರು. "ನಾ ಎಲ್ಲಿಂದ ಹೂಂ ಅನ್ನಾಕ ಸುರು ಮಾಡಿದ್ನೋ, ಅಲ್ಲಿಂದ."